ಹಿಟ್ಟಿನ ಜ್ವರ

ತುಮಕೂರಿನ ಆ ನಿವೃತ್ತ ವಿಜ್ಞಾನದ ಮೇಷ್ಟರ ಮನೆಯಲ್ಲಿ ಎರಡು ಫ್ರಿಜ್ಜುಗಳಿವೆ. ಅಡಿಗೆಮನೆಯಲ್ಲಿರುವುದು ಹಾಲು, ತರಕಾರಿ, ನಿನ್ನೆಯ ಸಾರುಗಳ ಪಾಲಿನದು. ಹಿತ್ತಿಲ ಕಡೆಯ ಕೋಣೆಯಲ್ಲಿರುವ ಎರಡನೆಯದು ಒಂಟಿ ಬಾಗಿಲಿನ ಹಳೆಯ ಪೆಟ್ಟಿಗೆ. ಅದರೊಳಗೆ ಯಾವುದೂ ತಣ್ಣಗಾಗಬಾರದು ಎಂದು ಮೇಷ್ಟರು ವಿವರಿಸತೊಡಗಿದರೆ ಬಂದವರು ನಕ್ಕುಬಿಡುತ್ತಾರೆ.

ನಗುವ ವಿಷಯವೇನೂ ಅಲ್ಲ. ಅನುದಾನವಿಲ್ಲದ ಶಾಲೆಯಲ್ಲಿ ದುಡಿದ ಮೇಷ್ಟರಿಗೆ ಪಿಂಚಣಿ ಇಲ್ಲ. ಮನೆ ನಡೆಯುವುದು ಅವರ ಮಡದಿ ಮಾರುವ ಇಡ್ಲಿಹಿಟ್ಟಿನಿಂದ. ಆಕೆ ಕುಣಿಗಲಿನವರು. ತವರಿನ ಹೆಂಚಿನ ಮನೆಯಲ್ಲಿ ಬೇಸಗೆಯ ಹಿಟ್ಟಿಗೆ ತಂಪಾದ ಕಲ್ಲುಚಪ್ಪಡಿ, ಚಳಿಗಾಲದ ಹಿಟ್ಟಿಗೆ ಒಲೆಯ ಮಗ್ಗುಲು. ಎಷ್ಟು ಹೊತ್ತೆಂಬುದನ್ನು ಬೆರಳದ್ದಿ ತಿಳಿಯುವುದನ್ನು ತಾಯಿ ಕಲಿಸಿದ್ದರು. ಆದರೆ ಆ ವಿದ್ಯೆ ಹೆಂಚಿನ ಮಾಡಿನ ಕೆಳಗಿನದು. ತುಮಕೂರಿನ ತಾರಸಿಮನೆ ಏಪ್ರಿಲಿನಲ್ಲಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕಾರುತ್ತದೆ.

ಹೋದ ವರ್ಷ ಏಪ್ರಿಲಿನಲ್ಲಿಯೇ ಗುಬ್ಬಿಯ ಒಂದು ನಾಮಕರಣಕ್ಕೆ 20 ಲೀಟರು ಹಿಟ್ಟು ಹೋಗಬೇಕಾಗಿತ್ತು. ಬಸ್ಸಿನಲ್ಲಿಯೇ ಡಬ್ಬದ ಮುಚ್ಚಳ ಎದ್ದಿತು. ಅಲ್ಲಿ ಇಳಿಸುವ ಹೊತ್ತಿಗೆ ಹುಳಿಯ ನಾತ. ಮನೆಯವರು ಬಯ್ದಿದ್ದರೆ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ. ಅವರು ಒಂದು ಮಾತನ್ನೂ ಆಡದೆ ಪೂರ್ತಿ ಹಣ ಕೊಟ್ಟು ಕಳಿಸಿದರು.

ಹಿಟ್ಟಿನಲ್ಲಿ ದುಡಿಯುವ ಸೂಕ್ಷ್ಮಜೀವಿಗಳು ಹಲವು. ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಮೊದಲು ಅನಿಲ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಹೊತ್ತು ಹೋದಂತೆ ಹುಳಿ ಮಾಡುವವುಗಳ ಕೈ ಮೇಲಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಅವುಗಳಿಗೆ ಅವಸರ. ಬಿಯರಿನದೂ ಇದೇ ಪಾಡು. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ಶೀತಕಯಂತ್ರವನ್ನು ಕಟ್ಟಿದಾಗ ಅದಕ್ಕೆ ಮೊದಲು ಕೈಚಾಚಿದವರು ಬಿಯರು ತಯಾರಕರು. ಮಡಿ ಹೆಂಗಸಾದ ಮಡದಿಗೆ ಈ ವಂಶಾವಳಿಯನ್ನು ಮೇಷ್ಟರು ಇನ್ನೂ ತಿಳಿಸಿಲ್ಲ.

ಫ್ರಿಜ್ಜಿನ ಸ್ವಂತ ತಿರುಗಣೆ ಹಿಟ್ಟನ್ನು ಮಲಗಿಸಿಬಿಡುವಷ್ಟು ತಂಪನ್ನೇ ಕೊಡುತ್ತದೆ. ಆದುದರಿಂದ ಮೇಷ್ಟರು ಗೋಡೆಯ ಪ್ಲಗ್ಗಿಗೂ ಫ್ರಿಜ್ಜಿಗೂ ನಡುವೆ ಉಷ್ಣನಿಯಂತ್ರಕವೊಂದನ್ನು ಇಟ್ಟರು: 28 ಡಿಗ್ರಿ ಸೆಂಟಿಗ್ರೇಡು ಮುಟ್ಟಿದರೆ ಮೋಟಾರು ಓಡಬೇಕು, 26ಕ್ಕೆ ನಿಲ್ಲಬೇಕು, ನಿಂತದ್ದು ಕೂಡಲೇ ಮತ್ತೆ ಹೊರಟರೆ ಕಂಪ್ರೆಸರು ಕೆಡುವುದರಿಂದ ನಡುವೆ ಐದು ನಿಮಿಷ ಬಿಡುವು. ಅಳೆಯುವ ತಂತಿಯ ತುದಿಯನ್ನು ಒಳಗೆ ತೂಗುಹಾಕಿ ನೆಮ್ಮದಿಯಾಗಿ ಮಲಗಿದರು. ಬೆಳಗ್ಗೆ ಅಂಕಿ 27. ಹಿಟ್ಟು ಮಾತ್ರ ಹುಳಿ!

ಮಡದಿ ಬೆರಳನ್ನು ಆಳಕ್ಕೆ ಇಳಿಸಿದರು.

“ರೀ, ನಿಮ್ಮ ಯಂತ್ರ ಗಾಳಿಯ ಜ್ವರ ನೋಡ್ತಿದೆ. ಹಿಟ್ಟಿನ ಹೊಟ್ಟೆ ಇನ್ನೂ ಬಿಸಿ.”

ನಿಜವಾಗಿತ್ತು. ಗ್ರೈಂಡರಿನ ಉಜ್ಜಾಟದಿಂದಲೇ ಬಿಸಿಯಾಗಿ ಬಂದ ಗಟ್ಟಿ ಹಿಟ್ಟು ಗಾಳಿಯಂತೆ ಬೇಗ ತಣಿಯುವುದಿಲ್ಲ. ಮರುದಿನ ತುದಿಯನ್ನು ಹಿಟ್ಟಿನ ನಡುವಿಗೇ ಇಳಿಸಿದರು; ನಡು ತಣಿಯುವವರೆಗೆ ಮೋಟಾರು ಬಿಡದೆ ಓಡಿ ಅಂಚಿನ ಹಿಟ್ಟನ್ನು ಮರಗಟ್ಟಿಸಿತು. ಕಡೆಗೆ ತುದಿಯನ್ನು ಡಬ್ಬದ ಹೊರಮೈಗೆ ಒತ್ತಿ, ಮೇಲೆ ಮಡಿಸಿದ ಬಟ್ಟೆಯಿಟ್ಟು ಗಾಳಿ ಸೋಕದಂತೆ ಕಟ್ಟಿದರು. ದೊಡ್ಡ ಡಬ್ಬಕ್ಕೆ ಬದಲು ಸಣ್ಣವು ಬಂದವು. ರುಬ್ಬುವುದಕ್ಕೆ ತಣ್ಣೀರು ಬಂತು. ಡಿಸೆಂಬರಿನಲ್ಲಿ ಹಿಟ್ಟು ಏಳದೆ ಮಲಗಿದಾಗ ಅದೇ ಪೆಟ್ಟಿಗೆಯೊಳಗೆ 40 ವ್ಯಾಟಿನ ಬಲ್ಬು ಉರಿಯಿತು. ಫ್ರಿಜ್ಜಿನೊಳಗೆ ದೀಪ ಹಚ್ಚಿ ಬೆಚ್ಚಗೆ ಮಾಡುವ ಮನೆ ಆ ಬೀದಿಯಲ್ಲಿ ಇನ್ನೊಂದಿರಲಾರದು.

ಈಗಲೂ ಮಲಗುವ ಮುನ್ನ ಮೇಷ್ಟರು ಅಂಕಿಯನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮಡದಿ ಮುಚ್ಚಳ ತೆಗೆದು ಬೆರಳದ್ದುತ್ತಾರೆ. ಇಬ್ಬರ ಲೆಕ್ಕ ಹೊಂದದ ದಿನ ತಂತಿಯ ಕಟ್ಟು ಸಡಿಲವಾಗಿದೆಯೇ ಎಂದು ನೋಡುವವರು ಮೇಷ್ಟರೇ.

ಈ ಮಾರ್ಚಿನಲ್ಲಿ ಗುಬ್ಬಿಯಿಂದ ಫೋನು ಬಂತು. ಅದೇ ಮನೆ; ಮಗುವಿನ ಮೊದಲ ಹುಟ್ಟುಹಬ್ಬ; ಅದೇ 20 ಲೀಟರು. ಮೇಷ್ಟರು ಆಗಲೇ ಡಬ್ಬಗಳನ್ನು ಎಣಿಸತೊಡಗಿದ್ದರು. ಮಡದಿ ಫೋನಿನ ಮೇಲೆ ಅಂಗೈ ಮುಚ್ಚಿ, “ಈ ಸಲ ಅವರ ಹತ್ತಿರ ದುಡ್ಡು ಇಸ್ಕೋಬಾರದು ರೀ” ಎಂದರು.