ಮಳಖೇಡದ ದಾರಿಯಲ್ಲಿ ಒಂದು ರಬ್ಬರ್ ಬುಷ್

ನಾರಾಯಣಖೇಡದ ಬಂಧುಗಳ ಮನೆಯಿಂದ ಬೆಳಿಗ್ಗೆ ಹೊರಟು, ಜಹೀರಾಬಾದ್, ತಾಂಡೂರು, ಸೇಡಂ ಮಾರ್ಗವಾಗಿ ಸಂಜೆಯೊಳಗೆ ಮಳಖೇಡದ ನೇಮಿನಾಥ ಬಸದಿ ಸೇರಬೇಕೆಂಬುದು ನಮ್ಮ ಯೋಜನೆಯಾಗಿತ್ತು. ಜೊತೆಯಲ್ಲಿ 78 ವರ್ಷದ ತಾಯಿಯವರು. ಸೂರ್ಯಾಸ್ತದ ನಂತರ ಅವರು ನೀರನ್ನೂ ಮುಟ್ಟುವವರಲ್ಲ. ವಾಹನ ನಮ್ಮ ಹಳೆಯ ಮಾರುತಿ 800.

ಈ ಸೀಮೆ ನಮಗೆ ಪರಸ್ಥಳವೇನಲ್ಲ. 1956ರವರೆಗೆ ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆಂಧ್ರಕ್ಕೆ ಸೇರಿ, 2014ರಿಂದ ತೆಲಂಗಾಣದಲ್ಲಿವೆ. ಸಂತೆ ಬೀದಿಯಲ್ಲಿ ಇಂದಿಗೂ ತೆಲುಗು, ಉರ್ದು, ಕನ್ನಡ ಮೂರೂ ಕೇಳಿಸುತ್ತವೆ.

ಊರು ಬಿಟ್ಟ ಸ್ವಲ್ಪ ಹೊತ್ತಿಗೆ, ಬ್ರೇಕ್ ಒತ್ತಿದಾಗಲೆಲ್ಲ ಕಾರಿನ ಮುಂಭಾಗದಲ್ಲಿ 'ಟಕ್' ಎಂಬ ಸದ್ದು ಜೋರಾಯಿತು. ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ನಿಜ ಹೇಳಬೇಕೆಂದರೆ ಆ ಸದ್ದು ಒಂದು ತಿಂಗಳಿಂದ ಇತ್ತು. ನಾವೇ ಅಲಕ್ಷ್ಯ ಮಾಡಿದ್ದೆವು.

ಜಹೀರಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ ಇರುವುದೂ ಇಲ್ಲಿಯೇ. ರಸ್ತೆ ಬದಿಯ ಗ್ಯಾರೇಜಿನ ಹಿರಿಯ ಮೇಸ್ತ್ರಿ ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ಭದ್ರವಾದ ಸ್ಟ್ಯಾಂಡ್ ಕೊಟ್ಟು, ಕಬ್ಬಿಣದ ಸಲಾಕೆಯಿಂದ ಚಕ್ರದ ಹಿಂದಿನ ತೋಳನ್ನು ಮೀಟಿ ನೋಡಿದರು.

"ಅಣ್ಣೋರೆ, ಬುಷ್‌ನ ರಬ್ಬರ್ ಸತ್ತದ. ಕಬ್ಬಿಣಕ್ಕ ಕಬ್ಬಿಣ ಬಡೀಲಿಕ್ಕತ್ತದ."

ಈ ಕಾರಿನಲ್ಲಿ ಮುಂದಿನ ಚಕ್ರವನ್ನು ಕೆಳಗಿನ ತೋಳು ಮತ್ತು ಸ್ಟೆಬಿಲೈಸರ್ ಸರಳು ಸ್ಥಾನದಲ್ಲಿ ಹಿಡಿದಿರುತ್ತವೆ. ಅವುಗಳ ಸಂದಿನಲ್ಲಿರುವ ರಬ್ಬರ್ ಬುಷ್ ಅದಿರನ್ನು ನುಂಗುತ್ತದೆ. ಅದು ಸವೆದರೆ ಬ್ರೇಕ್ ಒತ್ತಿದಾಗ ಚಕ್ರವೇ ಹಿಂದೆ ಸರಿಯುತ್ತದೆ. ಕಾರು ಒಂದು ಕಡೆಗೆ ವಾಲುತ್ತದೆ, ಟಯರು ಓರೆಯಾಗಿ ಸವೆಯುತ್ತದೆ.

"ಸದ್ಯಕ್ಕೆ ಬಿಗಿ ಮಾಡಿಕೊಡಿ, ಮಳಖೇಡ ಮುಟ್ಟಿದರೆ ಸಾಕು" ಎಂದೆವು.

"ಬಿಗಿ ಮಾಡಿದ್ರ ಸದ್ದು ನಿಂದರ್ತದ, ರೋಗ ನಿಂದರಲ್ರಿ. ತಾಂಡೂರ ದಾರಿಗೆ ಕಲ್ಲಿನ ಲಾರಿ ಬಾಳ ಅವ. ಅವ್ವಾರನ್ನ ಕೂಡಿಸ್ಕೊಂಡು ಹೊಂಟೀರಿ."

ನಾವು ಗಡಿಯಾರ ನೋಡುತ್ತಿದ್ದೆವು. ತಾಯಿಯವರೇ ತೀರ್ಮಾನ ಕೊಟ್ಟರು: "ತಮ್ಮಾ, ನೇಮಿನಾಥ ಸ್ವಾಮಿ ನಾಳೆನೂ ಅಲ್ಲೇ ಇರ್ತಾನ. ಕೆಲಸ ಪೂರಾ ಮಾಡಿಸು."

ಎಡಗಡೆಯದು ಮಾತ್ರ ಹೋಗಿದ್ದರೂ ಮೇಸ್ತ್ರಿ ಎರಡೂ ಕಡೆಯ ಬುಷ್ ತರಿಸಿದರು. ಹಳೆಯವನ್ನು ಒತ್ತಿ ತೆಗೆದು, ಹೊಸದಕ್ಕೆ ಸಾಬೂನು ನೀರು ಸವರಿ ಕೂಡಿಸಿದರು. ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಕೆಡುತ್ತದಂತೆ. ಬೋಲ್ಟುಗಳನ್ನು ಪೂರ್ತಿ ಬಿಗಿದದ್ದು ಕಾರನ್ನು ನೆಲಕ್ಕಿಳಿಸಿದ ಮೇಲೆಯೇ. ಎತ್ತಿ ಹಿಡಿದಾಗಲೇ ಬಿಗಿದರೆ, ಭಾರ ಬಿದ್ದಾಗ ರಬ್ಬರ್ ತಿರುಚಿ ಬೇಗ ಹರಿಯುತ್ತದೆ.

ಹೊತ್ತು ಮುಳುಗುವ ಮೊದಲು ತಾಯಿಯವರು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು, ಬುತ್ತಿಯ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡರು. ಮೇಸ್ತ್ರಿ ಬೆಂಚು ಒರೆಸಿಕೊಟ್ಟು, ಅವರು ಉಣ್ಣುವವರೆಗೆ ಸುತ್ತಿಗೆ ಕೆಳಗಿಟ್ಟರು. ಆ ರಾತ್ರಿ ಜಹೀರಾಬಾದಿನಲ್ಲೇ ತಂಗಿದೆವು.

ಬೆಳಿಗ್ಗೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ ಹೊರಟೆವು. ತಾಂಡೂರು ಹಾಸುಗಲ್ಲಿಗೆ ಹೆಸರಾದ ಊರು. ಅಲ್ಲಿಯ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಕಲ್ಲು ಹೊತ್ತ ಲಾರಿಗಳ ನಡುವೆ ಹೊಂಡಗಳಲ್ಲಿ ಇಳಿದರೂ ಕಾರು ಸದ್ದಿಲ್ಲದೆ ನಡೆಯಿತು. ತಾಂಡೂರಿನ ಬಳಿ ಕಂಡ ಕಾಗಿಣಾ ನದಿಯೇ ಮುಂದೆ ಮಳಖೇಡದಲ್ಲಿ ಮತ್ತೆ ಎದುರಾಯಿತು. ಇದು ನೃಪತುಂಗ ಅಮೋಘವರ್ಷನ ರಾಜಧಾನಿ ಮಾನ್ಯಖೇಟ. ಆಚಾರ್ಯ ಜಿನಸೇನರನ್ನು ಗುರುವೆಂದು ಗೌರವಿಸಿದ ಅರಸನ ಊರು.

ನೇಮಿನಾಥ ಸ್ವಾಮಿಯ ಮುಂದೆ ತಾಯಿಯವರು ಕೈಮುಗಿದು ಕುಳಿತಾಗ ನಮಗೆ ಹಿಂದಿನ ತಿಂಗಳು ನೆನಪಾಯಿತು. ದಿನದ ಸಣ್ಣ ತಪ್ಪನ್ನೂ ಅಂದೇ ನೋಡಿಕೊಳ್ಳಬೇಕೆಂದು ಪ್ರತಿಕ್ರಮಣದಲ್ಲಿ ಹೇಳಿಕೊಳ್ಳುವ ನಾವು, ತಾಯಿಯನ್ನು ಕೂಡಿಸಿಕೊಂಡ ಕಾರಿನ ಸದ್ದನ್ನು ಮೂವತ್ತು ದಿನ ಕೇಳಿಯೂ ಕೇಳದಂತಿದ್ದೆವು. ಯಾತ್ರೆಗೆ ಹೊರಡುವ ಬಂಧುಗಳು ಬುತ್ತಿ ಕಟ್ಟುವ ಮೊದಲು ಒಮ್ಮೆ ಚಕ್ರದ ಸದ್ದನ್ನೂ ಆಲಿಸಲಿ.