ಟ್ರಂಕಿನ ಮುಚ್ಚಳದ ಚಿತ್ರ

ನಮ್ಮ ತೀರ್ಥರೂಪರ ತಗಡಿನ ಟ್ರಂಕಿನ ಮುಚ್ಚಳದ ಒಳಮೈಗೆ ಒಂದು ಚಿತ್ರವನ್ನು ಅಂಟಿಸಿದ್ದಿತು. ದೇವರ ಪಟವಲ್ಲ, ರದ್ದಿ ಕಾಗದದ ಅಂಗಡಿಯಲ್ಲಿ ಸಿಕ್ಕಿದ ಅಮೆರಿಕದ ಹಳೆಯ ಪತ್ರಿಕೆಯೊಂದರ ಜಾಹೀರಾತು. ಮುಸ್ಸಂಜೆಯ ಆಕಾಶ, ಅದರಡಿಯಲ್ಲಿ ಮೀನಿನಂತೆ ನುಣುಪಾದ ಒಂದು ಮೋಟಾರು, ಕೆಳಗಡೆ 'ಬಾನ್' ಎಂಬ ಹೆಸರು. ಆಕಾಶವಿರುವುದರಿಂದಲೇ ಆ ಹೆಸರೆಂದು ನಾವು ಬಾಲ್ಯದಲ್ಲಿ ತಿಳಿದಿದ್ದೆವು! ತೀರ್ಥರೂಪರು ಎರಕದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ಕಿಡಿ ಬಿದ್ದು ತೂತಾಗದ ಅಂಗಿ ಅವರಲ್ಲಿ ಒಂದೂ ಇರಲಿಲ್ಲ.

ಕಾಲೇಜಿಗೆ ಸೇರಿದ ಹೊಸದರಲ್ಲಿ, ಆ ವಯಸ್ಸಿನ ಅಧಿಕಪ್ರಸಂಗದಿಂದ, ನಾವು ಕೇಳಿಯೇಬಿಟ್ಟೆವು: "ಅಪ್ಪಾ, ಇದರಲ್ಲಿ ಹೊಗೆಯಿಲ್ಲ, ಮಸಿಯಿಲ್ಲ, ಕೆಲಸಗಾರನ ಸುಳಿವೇ ಇಲ್ಲ. ಇದನ್ನೇಕೆ ಇಟ್ಟುಕೊಂಡಿದ್ದೀರಿ?" ಅವರು ಸಿಟ್ಟಾಗಲಿಲ್ಲ. "ಆ ಹೊಳಪು ನೋಡು, ಮಗು. ಬರೆದವನಿಗೆ ಲೋಹ ಗೊತ್ತು" ಎಂದು ಮುಚ್ಚಳ ಹಾಕಿದರು.

ಆ 'ಬಾನ್' ಯಾವುದೆಂದು ತಿಳಿದದ್ದು ಬಹಳ ಈಚೆಗೆ. ಅದು ಡೆಟ್ರಾಯಿಟ್ ನಗರದ ಅಲ್ಯುಮಿನಿಯಂ ಮತ್ತು ಹಿತ್ತಾಳೆಯ ಕಂಪನಿ. 1940ರ ದಶಕದಲ್ಲಿ 'ಫಾರ್ಚೂನ್' ಮೊದಲಾದ ಪತ್ರಿಕೆಗಳಲ್ಲಿ ಅದರ ಜಾಹೀರಾತುಗಳು ಬರುತ್ತಿದ್ದವು. ಅವುಗಳಲ್ಲಿ ಹಲವನ್ನು ಬರೆದವನು ಆರ್ಥರ್ ರೇಡ್‌ಬಾ ಎಂಬ ಚಿತ್ರಗಾರ. ಅದು ಯುದ್ಧದ ಕಾಲ. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜನಬಳಕೆಯ ಮೋಟಾರುಗಳ ತಯಾರಿಕೆಯೇ ನಿಂತಿತು. ಅಲ್ಯುಮಿನಿಯಂ ವಿಮಾನಗಳ ಪಾಲಾಯಿತು. ಮಾರುವುದಕ್ಕೆ ಸರಕಿಲ್ಲದವರು ಏನನ್ನು ತೋರಿಸಬೇಕು? ನಾಳೆಯನ್ನು ತೋರಿಸಿದರು. ಬರಿದಾದ ಅಂಗಡಿಯ ಬೋರ್ಡಿಗೆ ಬಣ್ಣ ಹೊಡೆಯುವ ವರ್ತಕನ ಜಾಣ್ಮೆಯಿದು ಎಂದು ವಾಚಕರು ನಕ್ಕರೆ ನಾವು ಅಡ್ಡಿ ಹೇಳುವುದಿಲ್ಲ.

ಹೊಳಪಿನ ಗುಟ್ಟು ಮಾತ್ರ ಬೇರೆ. ರೇಡ್‌ಬಾ ಏರ್‌ಬ್ರಷ್ಷಿನಲ್ಲಿ ನಿಪುಣ. ಒತ್ತಡದ ಗಾಳಿಯು ಬಣ್ಣವನ್ನು ಮಂಜಿನಂತೆ ಚಿಮ್ಮಿಸುತ್ತದೆ. ಕುಂಚದ ಗೀರು ಎಲ್ಲಿಯೂ ಬೀಳುವುದಿಲ್ಲ. ಬೆಳಕು ಕತ್ತಲೆಗೆ ಜಾರುವ ಎಡೆಯಲ್ಲಿ ಗೆರೆಯೇ ಕಾಣದು. ಉಜ್ಜಿ ಮೆರುಗಿಟ್ಟ ಲೋಹದ ಮೇಲೆ ಬೆಳಕು ಹರಿಯುವುದು ಹಾಗೆಯೇ. ಕೆಲಸಗಾರನನ್ನು ಬಿಟ್ಟ ಚಿತ್ರಗಾರನನ್ನು ನಾವು ಇಂದಿಗೂ ಪೂರ್ತಿಯಾಗಿ ಕ್ಷಮಿಸಿಲ್ಲ. ಆದರೂ ದಿನವೂ ಲೋಹವನ್ನು ಕರಗಿಸುತ್ತಿದ್ದವರಿಗೆ ಅದರಲ್ಲಿ ಕಂಡದ್ದು, ಪುಸ್ತಕ ಹಿಡಿದು ವಾದಿಸಿದ ನಮಗೆ ಕಂಡಿರಲಿಲ್ಲ.

ಈ ಮಾತನ್ನು ಅವರಿಗೆ ಹೇಳೋಣವೆಂದರೆ ತೀರ್ಥರೂಪರಿಲ್ಲ. ಟ್ರಂಕು ತುಕ್ಕು ಹಿಡಿದಿದೆ. ಹೋದ ಶ್ರಾವಣದಲ್ಲಿ ಒದ್ದೆ ಬಟ್ಟೆಯೊತ್ತಿ ಚಿತ್ರವನ್ನು ಮೆತ್ತಗೆ ಬಿಡಿಸಲು ಹೋದೆವು. ಮೋಟಾರಿನ ಮುಂಭಾಗ ಕೈಗೆ ಬಂದಿತು. ಹಿಂಭಾಗ ತಗಡಿನಲ್ಲಿಯೇ ಉಳಿಯಿತು.