ಅತ್ತೆಯ ‘ಸೀಡಿ’

2012ರ ಮೇ ತಿಂಗಳ ಒಂದು ಸಂಜೆ ಹೊಡೆದ ಸಿಡಿಲಿಗೆ ನಮ್ಮ ಮನೆಯ ಟಿವಿ, ಅದರ ಕೆಳಗಿದ್ದ ಡಿವಿಡಿ ಪ್ಲೇಯರ್ ಎರಡೂ ಒಟ್ಟಿಗೆ ಹೋದವು. ತೀರ್ಥಹಳ್ಳಿ ಕಡೆಯವರಿಗೆ ಇದೇನು ಹೊಸದಲ್ಲ. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳಬೇಕೆಂದು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಅವತ್ತು ಅಂಗಳದಲ್ಲಿ ಒಣಹಾಕಿದ್ದ ಹಪ್ಪಳ ಎತ್ತುವ ಗಡಿಬಿಡಿಯಲ್ಲಿ ಎಲ್ಲರೂ ಮರೆತೆವು. ಬಚಾವಾದದ್ದು ಮೂಲೆಯ ಹಳೇ ಕಂಪ್ಯೂಟರ್ ಮಾತ್ರ. ಅದಕ್ಕೆ ತಿಂಗಳಿಂದ ಯಾರೂ ಪ್ಲಗ್ಗೇ ಹಾಕಿರಲಿಲ್ಲ!

ಟಿವಿ ಹೋದದ್ದಕ್ಕೆ ಅತ್ತೆ ಒಂದು ಮಾತೂ ಆಡಲಿಲ್ಲ. ಎರಡು ದಿನ ಬಿಟ್ಟು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದರು, “ಹಾಗಾದ್ರೆ ಈ ಸಲ ಅವರ ಸೀಡಿ ನೋಡೋದು ಹೇಗೆ?”

ಅತ್ತೆಗೆ ಹೊಳೆಯುವ ದುಂಡನೆಯ ತಟ್ಟೆಗಳೆಲ್ಲ ಸೀಡಿಯೇ. ಅವರು ಕೇಳಿದ ‘ಸೀಡಿ’ಯಲ್ಲಿರುವುದು ಮಾವ. ಮಾವ ಅಡಿಕೆ ತೋಟ ಮಾಡಿಕೊಂಡು, ಮಳೆಗಾಲದಲ್ಲಿ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. 2006ರಲ್ಲಿ ಊರ ದೇವಸ್ಥಾನದಲ್ಲಿ ಅವರು ಕರ್ಣನಾಗಿ ಕೂತಿದ್ದನ್ನು ಮದುವೆ ವಿಡಿಯೋ ಮಾಡುವ ಹುಡುಗನೊಬ್ಬ ಚಿತ್ರಿಸಿ ಡಿವಿಡಿಗೆ ಹಾಕಿ ಕೊಟ್ಟಿದ್ದ. ಮಾವ ಹೋಗಿ ಮೂರು ವರ್ಷವಾಗಿತ್ತು. ಆಷಾಢದಲ್ಲಿ ಅವರ ತಿಥಿ. ನೆಂಟರೆಲ್ಲ ಹೊರಟ ಮೇಲೆ ಸಂಜೆ ಅತ್ತೆ ಒಬ್ಬರೇ ಕೂತು ಆ ಎರಡು ಗಂಟೆ ನೋಡುತ್ತಿದ್ದರು. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಆ ಹುಡುಗ ಅಂಗಡಿ ಮುಚ್ಚಿ ಬೆಂಗಳೂರು ಸೇರಿದ್ದ.

“ಕಂಪ್ಯೂಟರ್‌ನಲ್ಲಿ ನೋಡಬಹುದು ಅತ್ತೆ, ಅದೇನು ಮಹಾ” ಎಂದುಬಿಟ್ಟೆ. ಬಾಯಿ ಸುಮ್ಮನಿರಬೇಕಲ್ಲ.

ಈ ಕಂಪ್ಯೂಟರ್ 2005ರದ್ದು. ಮೆಮೊರಿ 512 ಎಂಬಿ. ವೈರಸ್ ಹಿಡಿದು ಮಲಗಿದ್ದಾಗ ಇಂಜಿನಿಯರಿಂಗ್ ಓದುವ ನನ್ನ ಮೈದುನನ ಮಗ ಅದಕ್ಕೆ ಉಬುಂಟು 10.04 ಹಾಕಿಕೊಟ್ಟಿದ್ದ. ಉಬುಂಟು ಲಿನಕ್ಸ್ ಜಾತಿಯದು. ದುಡ್ಡು ಕೊಡಬೇಕಿಲ್ಲ, ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಮಾವಿನಮಿಡಿ ಉಪ್ಪಿನಕಾಯಿಯ ಹದವನ್ನು ಕೇಳಿದವರಿಗೆಲ್ಲ ಹೇಳಿಕೊಟ್ಟ ಹಾಗೆ ಅಂದುಕೊಳ್ಳಿ.

ಪರೀಕ್ಷೆಗೆಂದು ಪುಟ್ಟಿ ಮೊದಲು ತನ್ನ ಸಿನಿಮಾ ಡಿವಿಡಿ ಹಾಕಿದಳು. ಶಿವಮೊಗ್ಗದಲ್ಲಿ ದುಡ್ಡು ಕೊಟ್ಟು ತಂದ ಅಸಲಿ ಡಿವಿಡಿ. ಡ್ರೈವ್ ಗರ್‌ರ್ ಎಂದು ತಿರುಗಿತು, ತೆರೆಯ ಮೇಲೆ ಓದಲಾಗದು ಎಂಬ ಅರ್ಥದ ಒಂದು ಸಾಲು ಬಂತು, ಅಷ್ಟೇ. ಮಾವನ ಡಿವಿಡಿ ಹಾಕಿದೆವು. ಅದು ಚೆನ್ನಾಗಿಯೇ ಶುರುವಾಯಿತು. ಭಾಗವತರ ಪದ, ಮದ್ದಲೆ, ಶಾಲು ಸರಿಮಾಡಿಕೊಳ್ಳುವ ಮಾವ. ಇಪ್ಪತ್ತು ನಿಮಿಷಕ್ಕೆ ಚಿತ್ರ ಚೂರುಚೂರಾಗಿ ನಿಂತೇಹೋಯಿತು. ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಅದರದ್ದೇ ತಪ್ಪೇನೋ ಎಂಬಂತೆ.

ಮೈದುನನ ಮಗನಿಗೆ ಫೋನ್ ಮಾಡಿದೆ. ನಮ್ಮ ಮನೆಯ ಫೋನ್ ಜಗಲಿಯಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ. ಅವನು ಹೇಳಿದ್ದನ್ನು ನಾನು ಕೂಗಬೇಕು, ಪುಟ್ಟಿ ಟೈಪ್ ಮಾಡಬೇಕು.

“ದೊಡ್ಡಮ್ಮ, ಎರಡಕ್ಕೂ ಬೇರೆ ಬೇರೆ ಕಾಯಿಲೆ. ಸಿನಿಮಾದ್ದಕ್ಕೆ ಬೀಗ ಹಾಕಿದ್ದಾರೆ. ದೊಡ್ಡಪ್ಪಯ್ಯನದ್ದಕ್ಕೆ ಬೀಗ ಇಲ್ಲ, ತಟ್ಟೆಯೇ ಹಾಳಾಗಿದೆ.”

ಬೀಗದ ಕತೆ ಮಕ್ಕಳಿಗೆ ಹೇಳಲೇಬೇಕಾದದ್ದು. ಸಿನಿಮಾ ಕಂಪನಿಗಳು ತಮ್ಮ ಡಿವಿಡಿಗಳ ಮೇಲಿನ ಚಿತ್ರವನ್ನು ‘ಸಿಎಸ್‌ಎಸ್’ ಎಂಬ ಗುಪ್ತಲಿಪಿಯಲ್ಲಿ ಕಲಸಿಡುತ್ತವೆ. ಅದನ್ನು ಬಿಡಿಸುವ ಕೀಲಿ ಒಪ್ಪಂದ ಮಾಡಿಕೊಂಡ ಪ್ಲೇಯರ್‌ಗಳಲ್ಲಿ ಮಾತ್ರ ಇರುತ್ತದೆ. ಎಲ್ಲರೂ ಬಿಚ್ಚಿ ನೋಡಬಹುದಾದ ಲಿನಕ್ಸ್‌ನಲ್ಲಿ ಕೀಲಿಯನ್ನು ಬಚ್ಚಿಡುವುದು ಎಲ್ಲಿ? ಹಾಗಾಗಿ ದುಡ್ಡು ಕೊಟ್ಟು ತಂದ ಡಿವಿಡಿಯೂ ಅದರಲ್ಲಿ ಓಡುತ್ತಿರಲಿಲ್ಲ. 1999ರಲ್ಲಿ ನಾರ್ವೆ ದೇಶದ ಯಾನ್ ಲೆಕ್ ಯೊಹಾನ್ಸನ್ ಎಂಬ ಹದಿನೈದರ ಹುಡುಗ ಇನ್ನಿಬ್ಬರ ಜೊತೆ ಸೇರಿ ಈ ಬೀಗ ಬಿಡಿಸುವ ‘ಡಿಸಿಎಸ್‌ಎಸ್’ ಎಂಬ ಪ್ರೋಗ್ರಾಂ ಹೊರಗೆ ಬಿಟ್ಟ. ಅವನ ಮೇಲೆ ಮೊಕದ್ದಮೆ ನಡೆಯಿತು. ತಾನು ಕೊಂಡ ಡಿವಿಡಿಯನ್ನು ತನ್ನ ಕಂಪ್ಯೂಟರ್‌ನಲ್ಲಿ ನೋಡುವುದು ತಪ್ಪಲ್ಲವೆಂದು 2003ರಲ್ಲಿ ಆಸ್ಲೋದ ನ್ಯಾಯಾಲಯ ಅವನನ್ನು ಬಿಟ್ಟಿತು. ಮೇಲ್ಮನವಿಯಲ್ಲೂ ಅವನೇ ಗೆದ್ದ. ಈಗಲೂ ಕೆಲವು ದೇಶಗಳಲ್ಲಿ ಈ ಬೀಗ ತೆಗೆಯುವುದು ಕಾನೂನಿಗೆ ವಿರುದ್ಧ. ಅದಕ್ಕೇ ಉಬುಂಟು ಅದರ ಕೀಲಿಯನ್ನು ಜೊತೆಗೆ ಕೊಡುವುದಿಲ್ಲ, ನಾವೇ ತಂದು ಹಾಕಿಕೊಳ್ಳಬೇಕು.

ಪುಟ್ಟಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ‘ಲಿಬ್‌ಡಿವಿಡಿರೀಡ್4’ ಹಾಕಿ, ಅದರೊಳಗಿನ ‘ಇನ್‌ಸ್ಟಾಲ್-ಸಿಎಸ್‌ಎಸ್’ ಎಂಬುದನ್ನು ಓಡಿಸಿದಳು. ಇಲ್ಲಿ ಅರ್ಧ ಗಂಟೆ ಜಗಳವಾಯಿತು. ಗುಪ್ತಪದ ಒತ್ತಿದರೆ ತೆರೆಯ ಮೇಲೆ ಏನೂ ಮೂಡುತ್ತಿರಲಿಲ್ಲ, ಒಂದು ಚುಕ್ಕಿಯೂ ಇಲ್ಲ. ಕೀಬೋರ್ಡೇ ಕೆಟ್ಟಿದೆ ಎಂದು ನಾನು, ಒತ್ತುತ್ತಿದ್ದೇನೆ ಎಂದು ಅವಳು. ಅದು ಕಾಣಿಸದಿರುವುದೇ ಸರಿಯಂತೆ, ಪಕ್ಕದವರು ಅಕ್ಷರ ಎಣಿಸಬಾರದೆಂದು. ಫೋನಿನ ಆ ತುದಿಯಲ್ಲಿ ಹುಡುಗ ನಗುತ್ತಿದ್ದ. ಕೊನೆಗೆ ವಿಎಲ್‌ಸಿ ಎಂಬ ಪ್ಲೇಯರ್‌ನಲ್ಲಿ ಪುಟ್ಟಿಯ ಸಿನಿಮಾ ಓಡಿತು. ರಸ್ತೆ ರಿಪೇರಿಯಲ್ಲಿ ಇಡುವ ಕಿತ್ತಳೆ ಬಣ್ಣದ ಶಂಕುವೇ ಅದರ ಗುರುತು. ಪ್ಯಾರಿಸ್‌ನ ಕಾಲೇಜು ಹುಡುಗರು ಶುರುಮಾಡಿದ್ದಂತೆ.

ಮಾವನ ಡಿವಿಡಿಯದ್ದು ಇಷ್ಟು ಸುಲಭವಿರಲಿಲ್ಲ. ಬೆಳಕಿಗೆ ಹಿಡಿದರೆ ಮಲೆನಾಡಿನ ಬೂಷ್ಟು, ಜೊತೆಗೆ ಒಂದು ಕಮಾನಿನಂಥ ಗೀರು. ನಾನು ಸೆರಗಿನಲ್ಲಿ ಸುತ್ತಲೂ ಒರೆಸಲು ಹೋದೆ, ಹುಡುಗ ಫೋನಿನಲ್ಲೇ ಕಿರುಚಿದ. ಡಿವಿಡಿಯ ಮೇಲಿನ ಬರಹ ಸುರುಳಿಯಾಗಿ ಇರುತ್ತದೆ. ಸುತ್ತು ಒರೆಸಿ ಗೀರಿದರೆ ಒಂದೇ ಜಾಗದ ಉದ್ದನೆಯ ಮಾತೆಲ್ಲ ಅಳಿಸಿಹೋಗುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಬೇಕು. ಅತ್ತೆ ತಮ್ಮ ಹಳೇ ಧೋತ್ರದ ಪೆಟ್ಟಿಗೆ ತೆಗೆದು ಮಾವನದೇ ಒಂದು ಪಂಚೆಯ ತುಂಡು ಕೊಟ್ಟರು.

ಬೂಷ್ಟು ಹೋಯಿತು, ಗೀರು ಉಳಿಯಿತು. ಆಗ ಹುಡುಗ ‘ಡಿಡಿರೆಸ್ಕ್ಯೂ’ ಎಂಬುದನ್ನು ಹಾಕಿಸಿದ. ಪರೀಕ್ಷೆಯಲ್ಲಿ ಬುದ್ಧಿವಂತ ಮಕ್ಕಳು ಗೊತ್ತಿರುವ ಪ್ರಶ್ನೆ ಮೊದಲು ಬರೆದು, ಕಷ್ಟದ್ದಕ್ಕೆ ಆಮೇಲೆ ಬರುತ್ತಾರಲ್ಲ, ಅದೂ ಹಾಗೆಯೇ. ಓದಲು ಬರುವುದನ್ನೆಲ್ಲ ಮೊದಲು ನಕಲು ಮಾಡಿ, ಬಾರದ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದೆ. ಎಲ್ಲಿಯವರೆಗೆ ಆಯಿತೆಂದು ಬೇರೊಂದು ಕಡತದಲ್ಲಿ ಲೆಕ್ಕವನ್ನೂ ಇಡುತ್ತದೆ. ಈ ಲೆಕ್ಕದ ಬೆಲೆ ರಾತ್ರಿ ಗೊತ್ತಾಯಿತು. ಹನ್ನೊಂದಕ್ಕೆ ಕರೆಂಟ್ ಹೋಯಿತು, ಬಂದದ್ದು ಎರಡಕ್ಕೆ. ಎದ್ದು ಅದೇ ಆಜ್ಞೆ ಕೊಟ್ಟೆ. ಬಿಟ್ಟ ಜಾಗದಿಂದಲೇ ಮುಂದುವರಿಯಿತು! ತಿರುಗಿ ನೋಡಿದರೆ ಕತ್ತಲೆಯಲ್ಲಿ ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು.

“ಸಿಕ್ಕಿದ್ರಾ?”

“ಬರ್ತಿದ್ದಾರೆ ಅತ್ತೆ, ನೀವು ಮಲಗಿ.”

ಮಲಗಲಿಲ್ಲ. ಇಬ್ಬರೂ ಕಷಾಯ ಮಾಡಿಕೊಂಡು ಕುಡಿದೆವು. ಡ್ರೈವ್ ಕೊರಕೊರ ಎನ್ನುತ್ತಲೇ ಇತ್ತು.

ಮರುದಿನ ಮಧ್ಯಾಹ್ನಕ್ಕೆ ಮುಗಿಯಿತು. 31 ಎಂಬಿ ಓದಲಾಗಲಿಲ್ಲ ಎಂದು ತೋರಿಸಿತು. ಎರಡು ಗಂಟೆಯ ಚಿತ್ರದಲ್ಲಿ ಅದು ಒಂದು ನಿಮಿಷಕ್ಕೂ ಕಡಿಮೆ. ಆದರೂ ನನಗೆ ಹೊಟ್ಟೆಯಲ್ಲಿ ಸಂಕಟ. ಅತ್ತೆಯ ಪಾಲಿಗೆ ಆ ಒಂದು ನಿಮಿಷವೇ ಎಲ್ಲವೂ ಆಗಿದ್ದರೆ? ಅವರಿಗೆ ಹೇಳದೆ ಮೊದಲು ಎರಡು ನಕಲು ಮಾಡಿ, ಒಂದನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟೆ.

ತಿಥಿಯ ಸಂಜೆ ಕಂಪ್ಯೂಟರ್ ಎದುರು ಕುರ್ಚಿ ಹಾಕಿ ಕೂರಿಸಿದೆವು. ಇಪ್ಪತ್ತನೇ ನಿಮಿಷ ದಾಟಿತು. ಕೃಷ್ಣನ ಮಾತು ಮುಗಿದು ಕರ್ಣ ಬಾಯಿ ತೆರೆದ. ಅಲ್ಲಿ ಚಿತ್ರ ಕಲಸಿಕೊಂಡು, ತಟಕ್ಕನೆ ಮುಂದಕ್ಕೆ ಹಾರಿತು. ನಾನು ಅತ್ತೆಯ ಮುಖ ನೋಡಿದೆ.

“ಅಲ್ಲಿ ಸ್ವಲ್ಪ ಹೋಗಿದೆ ಅತ್ತೆ. ಎಷ್ಟು ಮಾಡಿದರೂ ಬರಲಿಲ್ಲ.”

“ಗೊತ್ತು ಮಾರಾಯ್ತಿ. ಅಲ್ಲಿ ಅವರಿಗೆ ಮಾತು ಮರೆತುಹೋಗಿತ್ತು. ಭಾಗವತರ ಮುಖ ನೋಡ್ತಾ ಕೂತಿದ್ರು” ಎಂದು ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. “ಮನೆಗೆ ಬಂದು ಎರಡು ದಿನ ಊಟ ಸರಿಯಾಗಿ ಮಾಡಿರ್ಲಿಲ್ಲ. ಅದು ಹೋಗಿದ್ದೇ ಒಳ್ಳೇದಾಯ್ತು ಬಿಡು. ಪುಟ್ಟಿ, ಸ್ವರ ಸ್ವಲ್ಪ ಜೋರು ಮಾಡು.”